ಕೋಶ ಸಾಯಲಿಲ್ಲ ಅಂದ್ರೆ ಸೇಫ್ ಅಂತಾನಾ? ಈಶ್ವರಿ ಬಳ್ಳಿ ಕಲಿಸಿದ ಪಾಠ

ಈ ವಾರದ ಎಪಿಸೋಡ್‌ನ ಬರಹ ರೂಪ ಇದು. ಬಸ್ಸಲ್ಲಿ ನಿಂತ್ಕೊಂಡು ಓದ್ತಿದ್ರೂ ಪರವಾಗಿಲ್ಲ, ಸ್ಟಾಪ್ ಬರೋ ಹೊತ್ತಿಗೆ ಅರ್ಧ ಆದ್ರೂ ಮುಗಿಯುತ್ತೆ.

ಕಥೆ ಶುರುವಾಗಿದ್ದು ತುಮಕೂರಿನಲ್ಲಿರೋ ನಮ್ಮ ಚಿಕ್ಕಮ್ಮನ ಅಡುಗೆಮನೆಯಲ್ಲಿ. ಹಬ್ಬಕ್ಕೆ ಅಂತ ಹೋಗಿದ್ದೆ. ಕಾಫಿ ಕೊಟ್ಟು, ಕಪಾಟಿನಿಂದ ಒಂದು ಹಸಿರು ಡಬ್ಬಿ ತೆಗೆದು ನನ್ನ ಮುಂದಿಟ್ಟರು. ತೂಕ ಇಳಿಸೋ ಪುಡಿ. ಆನ್‌ಲೈನಲ್ಲಿ ತರಿಸಿದ್ದು. "ನೀನು ಅದೇನೋ ಹಿಸ್ಟರಿ ಪಾಡ್‌ಕಾಸ್ಟ್ ಮಾಡ್ತೀಯಲ್ಲ, ಇದನ್ನ ನೋಡಿ ಹೇಳಪ್ಪ, ಸರಿ ಇದೆಯಾ ಅಂತ" ಅಂದರು.

ಡಬ್ಬಿ ತಿರುಗಿಸಿ ನೋಡಿದೆ. ನೂರಕ್ಕೆ ನೂರು ನೈಸರ್ಗಿಕ. ಅದರ ಕೆಳಗೆ ಚಿಕ್ಕ ಅಕ್ಷರದಲ್ಲಿ: ಮಾನವ ಜೀವಕೋಶಗಳ ಮೇಲೆ ಪರೀಕ್ಷಿಸಲಾಗಿದೆ, ಸುರಕ್ಷಿತ.

ನಾನು ಓದಿದ್ದು ಬಿ.ಕಾಂ. ಜೀವಕೋಶಕ್ಕೂ ನನಗೂ ಎಸ್‌ಎಸ್‌ಎಲ್‌ಸಿಗೇ ಸಂಬಂಧ ಕಡಿದುಹೋಗಿದೆ. ಆದ್ರೆ 'ಪರೀಕ್ಷಿಸಲಾಗಿದೆ' ಅನ್ನೋ ಪದ ನೋಡಿದ್ರೆ ಕಾಮರ್ಸ್ ಓದಿದವನಿಗೆ ಒಂದು ಪ್ರಶ್ನೆ ತಾನಾಗೇ ಬರುತ್ತೆ: ಯಾರು ಮಾಡಿದ್ರು, ಹೇಗೆ ಮಾಡಿದ್ರು, ಏನನ್ನ ನೋಡಲಿಲ್ಲ? ಆ ಪ್ರಶ್ನೆ ಹಿಡ್ಕೊಂಡು ಒಂದು ತಿಂಗಳು ಓದಿದೆ. ಕೊನೆಗೆ ಹೋಗಿ ನಿಂತಿದ್ದು ನಮ್ಮ ಕಾಡಿನದೇ ಒಂದು ಬಳ್ಳಿಯ ಹತ್ತಿರ.

ಮೊದಲ ಪಾತ್ರ: ಕೋಶ

ದೇಹದಿಂದ ಹೊರಗೆ ತೆಗೆದ ಮಾನವ ಜೀವಕೋಶವನ್ನ ಗಾಜಿನ ತಟ್ಟೆಯಲ್ಲಿ ಬದುಕಿಸೋದು ಬಹಳ ಕಾಲ ಯಾರಿಗೂ ಸರಿಯಾಗಿ ಆಗಿರಲಿಲ್ಲ. ಕೆಲವು ದಿನ ಇರ್ತಿತ್ತು, ಸಾಯ್ತಿತ್ತು. 1951ರಲ್ಲಿ ಅಮೆರಿಕದ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಗೆ ಹೆನ್ರಿಯೆಟಾ ಲ್ಯಾಕ್ಸ್ ಅನ್ನೋ 30 ವರ್ಷದ ಕಪ್ಪು ಮಹಿಳೆ ಬಂದರು. ಗರ್ಭಕೊರಳಿನ ಕ್ಯಾನ್ಸರ್. ಆಕೆಯ ಗೆಡ್ಡೆಯಿಂದ ಒಂದು ಚೂರು ತೆಗೆದು ಜಾರ್ಜ್ ಗೇ ಅವರ ಲ್ಯಾಬಿಗೆ ಕೊಟ್ಟರು. ಆಕೆಯನ್ನ ಕೇಳಲೂ ಇಲ್ಲ, ಹೇಳಲೂ ಇಲ್ಲ. ಆ ಕೋಶಗಳು ಸಾಯಲಿಲ್ಲ. ಸುಮಾರು ಒಂದು ದಿನಕ್ಕೆ ಎರಡರಷ್ಟಾಗ್ತಾ ಹೋದವು. ಅದೇ ವರ್ಷ ಅಕ್ಟೋಬರ್‌ನಲ್ಲಿ ಹೆನ್ರಿಯೆಟಾ ತೀರಿಕೊಂಡರು. ಹೀಲಾ ಅನ್ನೋ ಹೆಸರಿನಲ್ಲಿ ಅವರ ಕೋಶಗಳು ಇವತ್ತೂ ಜಗತ್ತಿನ ಲ್ಯಾಬುಗಳಲ್ಲಿ ಬೆಳೀತಿವೆ.

ಹೀಗೆ ಮನುಷ್ಯನ ಬದಲು ಮನುಷ್ಯನ ಕೋಶದ ಮೇಲೆ ಔಷಧಿ ಹಾಕಿ ನೋಡೋ ದಾರಿ ತೆರೆದುಕೊಂಡಿತು. 1960ರಿಂದ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ಲೋಕದ ಗಿಡಮರಗಳನ್ನೆಲ್ಲ ತರಿಸಿ, ರಸ ತೆಗೆದು, ಇಲಿಗಳ ಮೇಲೂ ಕೋಶಗಳ ಮೇಲೂ ಹಾಕಿ ನೋಡೋ ದೊಡ್ಡ ಕಾರ್ಯಕ್ರಮ ಶುರುಮಾಡಿತು. ಅಲ್ಲಿ ಕೆಬಿ ಅನ್ನೋ ಒಂದು ಕೋಶವನ್ನ ತುಂಬಾ ಬಳಸ್ತಿದ್ರು. ಬಾಯಿಯ ಕ್ಯಾನ್ಸರಿನ ಕೋಶ ಅಂತ ಅಂದುಕೊಂಡಿದ್ರು. ಆಮೇಲೆ ಗೊತ್ತಾಯ್ತು, ಅದು ತಟ್ಟೆಯಿಂದ ತಟ್ಟೆಗೆ ಹಾರಿ ಸೇರಿಕೊಂಡಿದ್ದ ಹೀಲಾ ಕೋಶವೇ. ಅಂದ್ರೆ ಯಾವ ಕೋಶದ ಮೇಲೆ ಪರೀಕ್ಷೆ ಮಾಡ್ತಿದ್ದೀವಿ ಅನ್ನೋದೇ ಮಾಡುವವರಿಗೆ ಸರಿಯಾಗಿ ಗೊತ್ತಿರಲಿಲ್ಲ.

ಎರಡನೇ ಪಾತ್ರ: ಬಳ್ಳಿ

ನಮ್ಮ ಅಜ್ಜಿ ತೀರ್ಥಹಳ್ಳಿ ಕಡೆಯವರು. ಹಿತ್ತಲ ಬೇಲಿಗೆ ಹಬ್ಬಿದ್ದ ಒಂದು ಬಳ್ಳಿಯನ್ನ ತೋರಿಸಿ "ಇದು ಈಶ್ವರಿ, ಹಾವಿನ ನಂಜಿಗೆ ಆಗುತ್ತೆ" ಅಂತಿದ್ದದ್ದು ನೆನಪಿದೆ. ಸಸ್ಯಶಾಸ್ತ್ರದಲ್ಲಿ ಅದರ ಹೆಸರು ಅರಿಸ್ಟೊಲೋಕಿಯಾ ಇಂಡಿಕಾ. ಆ ಗ್ರೀಕ್ ಹೆಸರಿನ ಅರ್ಥ 'ಹೆರಿಗೆಗೆ ಅತ್ಯುತ್ತಮ'. ಇದರ ಯುರೋಪಿನ ಬಂಧುಗಳನ್ನ ಅಲ್ಲಿನ ಸೂಲಗಿತ್ತಿಯರು ಶತಮಾನಗಳ ಕಾಲ ಬಳಸಿದ್ರು. ಹೂವಿನ ಆಕಾರ ಗರ್ಭನಾಳದ ಹಾಗಿದೆ, ಹಾಗಾಗಿ ಹೆರಿಗೆಗೆ ಒಳ್ಳೇದು ಅನ್ನೋದು ಅಲ್ಲಿನ ನಂಬಿಕೆ. ಚೀನಾದ ವೈದ್ಯದಲ್ಲೂ ಇದೇ ಕುಟುಂಬದ ಗಿಡಗಳಿದ್ದವು. ಗ್ರೀಸ್, ಚೀನಾ, ನಮ್ಮ ಮಲೆನಾಡು. ಎಲ್ಲ ಕಡೆ ಮದ್ದಿನ ಗಿಡ.

ನಮ್ಮ ರಾಜ್ಯದ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಗೊತ್ತಲ್ವಾ? ಕಪ್ಪು, ಹಳದಿ, ದೊಡ್ಡ ರೆಕ್ಕೆ. ಅದರ ಮರಿಹುಳು ತಿಂದು ಬೆಳೆಯೋದು ಈಶ್ವರಿ ಬಳ್ಳಿ ಮತ್ತು ಅದರ ಬಂಧುಗಳ ಎಲೆಯನ್ನೇ. ಎಲೆಯಲ್ಲಿರೋ ವಿಷವನ್ನ ಮೈಯಲ್ಲೇ ಕೂಡಿಟ್ಟುಕೊಳ್ಳುತ್ತೆ. ಹಕ್ಕಿಗಳು ಅದನ್ನ ಮುಟ್ಟೋಕೆ ಹಿಂಜರಿಯೋದು ಅದಕ್ಕೇ. ಆ ವಿಷದ ಹೆಸರು ಅರಿಸ್ಟೊಲೋಕಿಕ್ ಆಮ್ಲ.

ಈಗ 1962ಕ್ಕೆ ಬನ್ನಿ. ಅಮೆರಿಕದಲ್ಲಿ ಕುಪ್ಚಾನ್ ಮತ್ತು ಡೊಸ್ಕೋಚ್ ಅನ್ನೋ ಇಬ್ಬರು ರಸಾಯನಶಾಸ್ತ್ರಜ್ಞರು ಒಂದು ಲೇಖನ ಪ್ರಕಟಿಸಿದರು. ಇಲಿಗಳಲ್ಲಿ ಕ್ಯಾನ್ಸರ್ ಗೆಡ್ಡೆಯನ್ನ ತಡೆದ ಒಂದು ಗಿಡದಿಂದ, ಆ ಕೆಲಸ ಮಾಡೋ ವಸ್ತುವನ್ನ ಅವರು ಬೇರ್ಪಡಿಸಿದ್ರು. ಗಿಡ: ಅರಿಸ್ಟೊಲೋಕಿಯಾ ಇಂಡಿಕಾ, ನಮ್ಮ ಈಶ್ವರಿ. ವಸ್ತು: ಅರಿಸ್ಟೊಲೋಕಿಕ್ ಆಮ್ಲ.

ಇವತ್ತಾಗಿದ್ರೆ ವಾಟ್ಸಾಪ್ ಹೆಡ್‌ಲೈನ್ ಹೇಗಿರ್ತಿತ್ತು ಊಹಿಸಿ. 'ಕ್ಯಾನ್ಸರ್ ಕೊಲ್ಲುವ ಮಲೆನಾಡಿನ ಬಳ್ಳಿ, ಅಮೆರಿಕದ ವಿಜ್ಞಾನಿಗಳೇ ಬೆರಗು'.

ಎರಡೇ ವರ್ಷಕ್ಕೆ, 1964ರಲ್ಲಿ, ಅದನ್ನ ಕ್ಯಾನ್ಸರ್ ರೋಗಿಗಳಿಗೆ ಕೊಟ್ಟು ನೋಡಿದ ಮೊದಲ ಹಂತದ ವರದಿ ಬಂತು. ರೋಗಿಗಳ ಕಿಡ್ನಿಗೆ ಪೆಟ್ಟು ಬಿದ್ದಿತ್ತು. ಆ ದಾರಿ ಅಲ್ಲಿಗೇ ಮುಚ್ಚಿತು.

ಜರ್ಮನಿಯಲ್ಲಿ ಮಾತ್ರ ಸಣ್ಣ ಪ್ರಮಾಣದಲ್ಲಿ ರೋಗನಿರೋಧಕ ಶಕ್ತಿ ಹೆಚ್ಚಿಸೋ ಔಷಧಿ ಅಂತ ಬಳಕೆ ಮುಂದುವರೀತು. ಆಮೇಲೆ ಅಲ್ಲೇ ಇಲಿಗಳಿಗೆ ತಿನ್ನಿಸಿ ನೋಡಿದ್ರು. ಮೂರು ತಿಂಗಳಲ್ಲಿ ಹೊಟ್ಟೆಯಲ್ಲಿ ಕ್ಯಾನ್ಸರ್ ಗೆಡ್ಡೆ. 1981ರಲ್ಲಿ ಜರ್ಮನಿ ಆ ಔಷಧಿಗಳನ್ನ ಮಾರುಕಟ್ಟೆಯಿಂದ ತೆಗೆಸಿತು. ಕ್ಯಾನ್ಸರ್ ತಡೆಯುತ್ತೆ ಅಂತ 1962ರಲ್ಲಿ ಹೆಸರು ಮಾಡಿದ ವಸ್ತು 1981ರ ಹೊತ್ತಿಗೆ ಕ್ಯಾನ್ಸರ್ ತರುತ್ತೆ ಅಂತ ಸಿಕ್ಕಿಬಿತ್ತು.

ಕಥೆ ಇಲ್ಲಿಗೆ ಮುಗೀಬೇಕಿತ್ತು. ಮುಗೀಲಿಲ್ಲ.

ಬ್ರಸೆಲ್ಸ್‌ನ ತೂಕ ಇಳಿಸೋ ಕ್ಲಿನಿಕ್

ಬೆಲ್ಜಿಯಂನ ರಾಜಧಾನಿ ಬ್ರಸೆಲ್ಸ್‌ನಲ್ಲಿ ತೂಕ ಇಳಿಸೋ ಒಂದು ಕ್ಲಿನಿಕ್ ಹಲವು ವರ್ಷಗಳಿಂದ ನಡೀತಿತ್ತು. 1990ರಲ್ಲಿ ಅವರು ತಮ್ಮ ಮಾತ್ರೆಗೆ ಎರಡು ಚೀನೀ ಗಿಡಮೂಲಿಕೆಗಳನ್ನ ಸೇರಿಸಿದ್ರು. ಅದರಲ್ಲಿ ಒಂದರ ಹೆಸರು ಸ್ಟೆಫಾನಿಯಾ. ಚೀನೀ ಭಾಷೆಯಲ್ಲಿ 'ಹಾನ್ ಫಾಂಗ್ ಜಿ'.

1992ರ ಹೊತ್ತಿಗೆ ಅಲ್ಲಿನ ಕಿಡ್ನಿ ವೈದ್ಯ ಜಾನ್ ಲೂಯಿ ವಾನ್‌ಹರ್ವೆಗೆಮ್ ಅವರಿಗೆ ಒಂದು ವಿಚಿತ್ರ ಕಾಣಿಸ್ತು. ವಯಸ್ಸಾಗದ, ಬಿಪಿ ಶುಗರ್ ಇಲ್ಲದ ಹೆಂಗಸರು ಕಿಡ್ನಿ ಕೆಟ್ಟುಕೊಂಡು ಬರ್ತಿದ್ದಾರೆ. ವಿಚಾರಿಸಿದ್ರೆ ಎಲ್ಲರೂ ಅದೇ ಕ್ಲಿನಿಕ್‌ನವರು. 1993ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅವರ ತಂಡದ ವರದಿ ಬಂತು. 50 ವರ್ಷದ ಒಳಗಿನ 9 ಮಹಿಳೆಯರ ಬಗ್ಗೆ. ಮುಂದೆ ಈ ಸಂಖ್ಯೆ ನೂರು ದಾಟಿತು.

ಏನಾಗಿತ್ತು? ಹೆಸರಿನ ಗೊಂದಲ. ಚೀನಾದಲ್ಲಿ 'ಗುವಾಂಗ್ ಫಾಂಗ್ ಜಿ' ಅಂತ ಇನ್ನೊಂದು ಗಿಡ ಇದೆ. ಅದು ಅರಿಸ್ಟೊಲೋಕಿಯಾ ಫಾಂಗ್ಚಿ. ಹಾನ್ ಬದಲು ಗುವಾಂಗ್ ಬಂದಿತ್ತು. ಒಂದೇ ಒಂದು ಪದ. ನಮ್ಮಲ್ಲೂ ಒಂದೇ ಹೆಸರಿನಲ್ಲಿ ಊರಿಗೊಂದು ಗಿಡ ಇರುತ್ತೆ, ಗ್ರಂದಿಗೆ ಅಂಗಡಿಗೆ ಹೋದವರಿಗೆ ಇದು ಹೊಸದಲ್ಲ.

ಇನ್ನೂ ಕೆಟ್ಟ ಭಾಗ ಆಮೇಲೆ ಬಂತು. ಮಾತ್ರೆ ನಿಲ್ಲಿಸಿ ವರ್ಷಗಳಾದ ಮೇಲೆ ಈ ಮಹಿಳೆಯರಲ್ಲಿ ಮೂತ್ರನಾಳದ ಕ್ಯಾನ್ಸರ್ ಕಾಣಿಸಿಕೊಳ್ತು. ಕೆಲಸ ನಿಲ್ಲಿಸಿದ್ದ ಕಿಡ್ನಿಗಳನ್ನ ಮುಂಜಾಗ್ರತೆಗೆ ತೆಗೆಸಿಕೊಳ್ಳೋಕೆ 39 ಜನ ಒಪ್ಪಿದ್ರು. ತೆಗೆದು ನೋಡಿದ್ರೆ 18 ಜನರಲ್ಲಿ ಕ್ಯಾನ್ಸರ್. ಈ ವರದಿ ಪ್ರಕಟವಾಗಿದ್ದು 2000ದಲ್ಲಿ. ಕೆಲವು ತಿಂಗಳ ಮಾತ್ರೆ, ತೂಕ ಇಳಿಸೋ ಆಸೆ, ಅಷ್ಟೇ ಅವರು ಮಾಡಿದ್ದು.

ಡಾನ್ಯೂಬ್ ತೀರದ ರೊಟ್ಟಿ

ಬ್ರಸೆಲ್ಸ್ ಕಥೆ ಕೇಳಿ ಇನ್ನೊಂದು ಹಳೇ ಒಗಟಿಗೆ ಬಾಗಿಲು ತೆರೀತು. ಕ್ರೊಯೇಷಿಯಾ, ಬೋಸ್ನಿಯಾ, ಸರ್ಬಿಯಾ, ಬಲ್ಗೇರಿಯಾ, ರೊಮೇನಿಯಾ ದೇಶಗಳಲ್ಲಿ ಡಾನ್ಯೂಬ್ ನದಿಗೆ ಸೇರೋ ಹೊಳೆಗಳ ಅಕ್ಕಪಕ್ಕದ ಹಳ್ಳಿಗಳಲ್ಲಿ ಒಂದು ಕಿಡ್ನಿ ಕಾಯಿಲೆ ಇತ್ತು. 1950ರ ದಶಕದಿಂದ ವೈದ್ಯರು ಬರೀತಿದ್ರು. ಒಂದು ಹಳ್ಳಿಯಲ್ಲಿ ಇರುತ್ತೆ, ಪಕ್ಕದ ಹಳ್ಳಿಯಲ್ಲಿ ಇಲ್ಲ. ಹೊರಗಿಂದ ಬಂದು ಹದಿನೈದು ಇಪ್ಪತ್ತು ವರ್ಷ ಅಲ್ಲಿ ನೆಲೆಸಿದವರಿಗೂ ಬರುತ್ತೆ. ನೀರಾ, ವೈರಸ್ಸಾ, ರಕ್ತದಲ್ಲೇ ಬಂದದ್ದಾ ಅಂತ ದಶಕಗಳ ಕಾಲ ಹುಡುಕಿದ್ರು.

1969ರಲ್ಲಿ ಇವಿಚ್ ಅನ್ನೋ ಸಂಶೋಧಕ ಒಂದು ಮಾತು ಹೇಳಿದ್ದರು: ಗೋಧಿ ಹೊಲದಲ್ಲಿ ಕಳೆಯಾಗಿ ಬೆಳೆಯೋ ಅರಿಸ್ಟೊಲೋಕಿಯಾದ ಬೀಜ ಕಾಳಿನ ಜೊತೆ ಬೀಸಿ ಹಿಟ್ಟಿಗೆ ಸೇರ್ತಿದೆ. ಅದೇ ರೊಟ್ಟಿ ಮನೆಯವರೆಲ್ಲ ದಿನಾ ತಿಂತಿದ್ದಾರೆ. ಯಾರೂ ಹೆಚ್ಚು ಗಮನ ಕೊಡಲಿಲ್ಲ. 2007ರಲ್ಲಿ ಅಮೆರಿಕದ ಆರ್ಥರ್ ಗ್ರೋಲ್‌ಮನ್ ಮತ್ತು ಕ್ರೊಯೇಷಿಯಾದ ಅವರ ಜೊತೆಗಾರರು ಅಲ್ಲಿನ ರೋಗಿಗಳ ಕಿಡ್ನಿಯ ಡಿಎನ್‌ಎ ತೆಗೆದು ನೋಡಿದ್ರು. ಅಲ್ಲಿ ಅರಿಸ್ಟೊಲೋಕಿಕ್ ಆಮ್ಲದ ತುಣುಕು ಡಿಎನ್‌ಎಗೇ ಅಂಟಿಕೊಂಡು ಕೂತಿತ್ತು.

ಬ್ರಸೆಲ್ಸ್‌ನ ಮಾತ್ರೆ, ಬಾಲ್ಕನ್ ಹಳ್ಳಿಯ ರೊಟ್ಟಿ. ಮಾಡಿದ್ದು ಒಂದೇ ವಸ್ತು.

ಹಾಗಾದ್ರೆ ಕೋಶದ ಪರೀಕ್ಷೆ ಏನು ಹೇಳುತ್ತೆ?

ಇಲ್ಲಿಗೆ ನಮ್ಮ ಚಿಕ್ಕಮ್ಮನ ಡಬ್ಬಿಗೆ ವಾಪಸ್ ಬರೋಣ. ಕೋಶಗಳ ಮೇಲೆ ಪರೀಕ್ಷೆ ಅಂದಾಗ ಸಾಮಾನ್ಯವಾಗಿ ಮಾಡೋದು ಎಂಟಿಟಿ ಅನ್ನೋ ಬಣ್ಣದ ಪರೀಕ್ಷೆ. 1983ರಲ್ಲಿ ಟಿಮ್ ಮಾಸ್ಮನ್ ಅದನ್ನ ರೂಪಿಸಿದ್ರು. ನಮ್ಮ ಪಡ್ಡಿನ ಹಂಚು ನೆನೆಸಿಕೊಳ್ಳಿ, ಆದ್ರೆ ಪ್ಲಾಸ್ಟಿಕ್‌ನದು, ಅಂಗೈಯಷ್ಟು ಅಗಲ, ಅದರಲ್ಲಿ 96 ಪುಟ್ಟ ಗುಳಿ. ಪ್ರತಿ ಗುಳಿಯಲ್ಲೂ ಸಾವಿರಾರು ಕೋಶ. ಗಿಡದ ವಸ್ತುವನ್ನ ಬೇರೆ ಬೇರೆ ಪ್ರಮಾಣದಲ್ಲಿ ಹಾಕಿ ಒಂದು, ಎರಡು ಅಥವಾ ಮೂರು ದಿನ ಬಿಡ್ತಾರೆ. ಆಮೇಲೆ ಹಳದಿ ಬಣ್ಣದ ದ್ರವ. ಬದುಕಿರೋ ಕೋಶ ಅದನ್ನ ನೇರಳೆ ಮಾಡುತ್ತೆ, ಸತ್ತದ್ದು ಮಾಡಲ್ಲ. ಯಂತ್ರ ಬಣ್ಣ ಅಳೆದು ಎಷ್ಟು ಕೋಶ ಬದುಕಿವೆ ಅಂತ ಲೆಕ್ಕ ಕೊಡುತ್ತೆ. ಸುಲಭ, ಅಗ್ಗ, ಒಂದೇ ಸಲಕ್ಕೆ ನೂರಾರು ಮಾದರಿ ನೋಡಬಹುದು. ಒಳ್ಳೇ ಪರೀಕ್ಷೆ, ಅದರಲ್ಲಿ ಎರಡು ಮಾತಿಲ್ಲ.

ಕಾಮರ್ಸ್ ಓದಿದವರಿಗೆ ಇದು ಟ್ರಯಲ್ ಬ್ಯಾಲೆನ್ಸ್. ಡೆಬಿಟ್ ಕ್ರೆಡಿಟ್ ಟ್ಯಾಲಿ ಆಯ್ತು ಅಂದ್ರೆ ಖುಷಿ. ಆದ್ರೆ ಟ್ಯಾಲಿ ಆದ ಮಾತ್ರಕ್ಕೆ ಲೆಕ್ಕದಲ್ಲಿ ತಪ್ಪಿಲ್ಲ ಅಂತ ಅಲ್ಲ, ಇದನ್ನ ಮೊದಲ ವರ್ಷದಲ್ಲೇ ಹೇಳಿಕೊಡ್ತಾರೆ. ಟ್ಯಾಲಿಯಲ್ಲಿ ಸಿಗದೇ ಜಾರಿಹೋಗೋ ತಪ್ಪುಗಳಿವೆ. ಈ ಬಣ್ಣದ ಪರೀಕ್ಷೆಯಲ್ಲೂ ಹಾಗೇ ಮೂರು ಇವೆ.

ಒಂದು, ತಪ್ಪು ಖಾತೆ. ಅರಿಸ್ಟೊಲೋಕಿಕ್ ಆಮ್ಲ ಎಲ್ಲ ಕೋಶಕ್ಕೂ ಒಂದೇ ಥರ ನುಗ್ಗಲ್ಲ. ರಕ್ತದಲ್ಲಿರೋ ಕಸವನ್ನ ಎಳೆದು ಮೂತ್ರಕ್ಕೆ ಸಾಗಿಸೋ ಬಾಗಿಲುಗಳು ಕಿಡ್ನಿಯ ಸಣ್ಣ ನಳಿಕೆಗಳ ಕೋಶದಲ್ಲಿ ಇರ್ತವೆ. ಇದು ಆ ಬಾಗಿಲಿಂದ ಒಳಗೆ ಹೋಗುತ್ತೆ. ಒಳಗೆ ಹೋದಮೇಲೆ ಅಲ್ಲಿನ ಎಂಜೈಮ್‌ಗಳು ಅದನ್ನ ಬದಲಾಯಿಸಿದಾಗಲೇ ಅದು ಡಿಎನ್‌ಎ ಕಚ್ಚೋ ವಿಷ ಆಗೋದು. ಬಾಗಿಲೂ ಎಂಜೈಮೂ ಇಲ್ಲದ ಕೋಶದ ಮೇಲೆ ಪರೀಕ್ಷೆ ಮಾಡಿ ಏನೂ ಆಗಲಿಲ್ಲ ಅಂದ್ರೆ, ಕಳ್ಳ ಬಾರದ ಮನೆಗೆ ಕಾವಲು ಕೂತ ಹಾಗೆ.

ಎರಡು, ಒಂದು ತಪ್ಪು ಇನ್ನೊಂದನ್ನ ಮುಚ್ಚಿಹಾಕೋದು. ಗಿಡದ ರಸದಲ್ಲಿ ಆಂಟಿಆಕ್ಸಿಡೆಂಟ್ ಜಾಸ್ತಿ ಇದ್ರೆ, ಕೋಶ ಇಲ್ಲದೇನೇ ಅದು ಹಳದಿಯನ್ನ ನೇರಳೆ ಮಾಡಿಬಿಡಬಹುದು. ಕೋಶ ಸತ್ತಿರುತ್ತೆ, ಬಣ್ಣ ಮಾತ್ರ ಬದುಕಿದೆ ಅನ್ನುತ್ತೆ. ಬಲ್ಲ ಲ್ಯಾಬಿನವರು ಕೋಶ ಇಲ್ಲದ ಗುಳಿಯಲ್ಲೂ ರಸ ಹಾಕಿ ಇದನ್ನ ಪ್ರತ್ಯೇಕ ನೋಡ್ತಾರೆ.

ಮೂರನೇದು ದೊಡ್ಡದು: ಪುಸ್ತಕಕ್ಕೇ ಬಾರದ ಎಂಟ್ರಿ. ಅರಿಸ್ಟೊಲೋಕಿಕ್ ಆಮ್ಲ ಕಡಿಮೆ ಪ್ರಮಾಣದಲ್ಲಿ ಕೋಶವನ್ನ ಕೊಲ್ಲಲ್ಲ. ಡಿಎನ್‌ಎಯ 'ಎ' ಅನ್ನೋ ಅಕ್ಷರಕ್ಕೆ ಅಂಟಿಕೊಳ್ಳುತ್ತೆ. ಆ ಕೋಶ ಎರಡಾಗೋವಾಗ ಡಿಎನ್‌ಎ ನಕಲು ಆಗಬೇಕಲ್ವಾ, ಆಗ ಅಲ್ಲಿ 'ಎ' ಹೋಗಿ 'ಟಿ' ಬಂದುಬಿಡುತ್ತೆ. ಕೋಶದಲ್ಲಿ ಇಂಥ ತಪ್ಪು ತಿದ್ದೋ ವ್ಯವಸ್ಥೆ ಇದೆ, ಇದು ಅದರ ಕಣ್ಣನ್ನೂ ಬಹುಪಾಲು ತಪ್ಪಿಸುತ್ತೆ. ತಪ್ಪು ಮಕ್ಕಳಿಗೆ, ಮೊಮ್ಮಕ್ಕಳಿಗೆ ದಾಟುತ್ತೆ. ವರ್ಷಗಳಾದ ಮೇಲೆ ಕ್ಯಾನ್ಸರ್.

ಈ ಕೋಶವನ್ನ 48 ಗಂಟೆಗೆ ಬಣ್ಣದ ಪರೀಕ್ಷೆಗೆ ಹಾಕಿ. ನೇರಳೆ. ಬದುಕಿದೆ. ಪಾಸ್. ಸತ್ತ ಕೋಶ ಕ್ಯಾನ್ಸರ್ ಆಗಲ್ಲ, ಬದುಕುಳಿದು ತಪ್ಪನ್ನ ಹೊತ್ಕೊಂಡು ನಡೆಯೋದೇ ಆಗೋದು. ಪರೀಕ್ಷೆ ಯಾವುದಕ್ಕೆ ಪಾಸ್ ಅಂತ ಟಿಕ್ ಹಾಕಿತೋ, ಅಪಾಯ ಇರೋದು ಅದರಲ್ಲೇ.

ಇದನ್ನ ಕಂಡುಹಿಡಿದದ್ದೂ ಕೋಶಗಳ ಮೇಲಿನ ಪರೀಕ್ಷೆಯೇ ಅನ್ನೋದನ್ನೂ ಹೇಳಬೇಕು. 1994ರಲ್ಲಿ ಮನುಷ್ಯನ ಕಿಡ್ನಿ ನಳಿಕೆಯ ಕೋಶವನ್ನ ಲ್ಯಾಬಿನಲ್ಲಿ ನಿರಂತರ ಬೆಳೆಯೋ ಹಾಗೆ ಮಾಡಿದ್ರು. ಎಚ್‌ಕೆ2 ಅಂತ ಹೆಸರು. 2013ರಲ್ಲಿ ಸಿಂಗಾಪುರ ಮತ್ತು ತೈವಾನ್‌ನ ಸಂಶೋಧಕರು ರೋಗಿಗಳ ಗೆಡ್ಡೆಯ ಡಿಎನ್‌ಎ ಪೂರ್ತಿ ಓದಿದ್ರು. ಈ ಆಮ್ಲ ಹಾಕಿದ ಕಿಡ್ನಿ ಕೋಶದ ಡಿಎನ್‌ಎಯನ್ನೂ ಓದಿದ್ರು. ಎರಡರಲ್ಲೂ ಅದೇ ಕೈಬರಹ, 'ಎ' ಇದ್ದಲ್ಲಿ 'ಟಿ'. ಗೆಡ್ಡೆಯಲ್ಲಿ ಪ್ರತಿ ಹತ್ತು ಲಕ್ಷ ಅಕ್ಷರಕ್ಕೆ ಸುಮಾರು 150 ತಪ್ಪು. ಸಿಗರೇಟಿನಿಂದ ಬರೋ ಶ್ವಾಸಕೋಶದ ಕ್ಯಾನ್ಸರಿನಲ್ಲಿ ಅದು 8. ಬಿಸಿಲಿನಿಂದ ಬರೋ ಚರ್ಮದ ಕ್ಯಾನ್ಸರಿನಲ್ಲಿ 111. ನೈಸರ್ಗಿಕ ಅಂತ ಮಾರಿದ್ದ ಮದ್ದಿನಲ್ಲಿದ್ದ ವಸ್ತು ಸಿಗರೇಟನ್ನೂ ಬಿಸಿಲನ್ನೂ ಹಿಂದೆ ಹಾಕಿತ್ತು.

ತೈವಾನ್‌ನಲ್ಲಿ 1997ರಿಂದ 2003ರ ನಡುವೆ ಜನಸಂಖ್ಯೆಯ ಸುಮಾರು ಮೂರನೇ ಒಂದು ಭಾಗಕ್ಕೆ ಈ ಆಮ್ಲ ಇರಬಹುದಾದ ಮೂಲಿಕೆಗಳನ್ನ ವೈದ್ಯರೇ ಬರೆದುಕೊಟ್ಟಿದ್ರು ಅಂತ ಅಲ್ಲಿನ ವಿಮಾ ದಾಖಲೆ ಹೇಳುತ್ತೆ. 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅರಿಸ್ಟೊಲೋಕಿಯಾ ಇರೋ ಮೂಲಿಕೆ ಔಷಧಿಗಳನ್ನ ಮೊದಲನೇ ಗುಂಪಿಗೆ ಹಾಕಿತು. ಅಂದ್ರೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತೆ ಅನ್ನೋದು ಖಚಿತ. 2003ರಲ್ಲಿ ತೈವಾನ್ ಕೂಡ ನಿಷೇಧಿಸಿತು.

ಅಜ್ಜಿ ಸುಳ್ಳು ಹೇಳಿದ್ರಾ?

ಇಲ್ಲ. ಗಿಡಮೂಲಿಕೆ ಎಲ್ಲ ಮೋಸ ಅಂತ ಹೇಳೋಕೆ ಈ ಎಪಿಸೋಡ್ ಮಾಡಿಲ್ಲ. ನಮ್ಮ ಮನೆ ಮುಂದೆ ಬೆಳೆಯೋ ನಿತ್ಯಪುಷ್ಪದಿಂದ ಬಂದ ವಿನ್‌ಕ್ರಿಸ್ಟಿನ್, ಮಕ್ಕಳ ರಕ್ತ ಕ್ಯಾನ್ಸರಿಗೆ ಇವತ್ತೂ ಕೊಡೋ ಮದ್ದು. ಅದು ಕೋಶ ಕೊಲ್ಲುತ್ತೆ, ಕೊಲ್ಲೋದೇ ಅದರ ಕೆಲಸ. ಆದ್ರೆ ಅದನ್ನ ಕೊಡೋದು ಆಸ್ಪತ್ರೆಯಲ್ಲಿ, ಮಗುವಿನ ಮೈ ಅಳತೆ ನೋಡಿ, ಮಿಲಿಗ್ರಾಂ ಲೆಕ್ಕದಲ್ಲಿ. ಯಾರೂ ನಿತ್ಯಪುಷ್ಪದ ಎಲೆ ಅರೆದು ಮಗುವಿಗೆ ಕುಡಿಸಲ್ಲ.

ಅಜ್ಜಿ ಸುಳ್ಳು ಹೇಳಲಿಲ್ಲ, ಅವರಿಗೆ ಕಾಣೋಕೆ ಸಾಧ್ಯ ಇರಲಿಲ್ಲ. ಇವತ್ತು ತಿಂದು ನಾಳೆ ವಾಂತಿ ಆದ್ರೆ ಊರಿಗೇ ಗೊತ್ತಾಗುತ್ತೆ, ಆ ಗಿಡ ಬಿಟ್ಟುಬಿಡ್ತಾರೆ. ಸಾವಿರಾರು ವರ್ಷದ ಅನುಭವ ಇಂಥದ್ದನ್ನ ಚೆನ್ನಾಗಿ ಹಿಡಿಯುತ್ತೆ. ಇಪ್ಪತ್ತು ವರ್ಷದ ಮೇಲೆ ಬರೋ ಕ್ಯಾನ್ಸರನ್ನ ಯಾವ ಅಜ್ಜಿ, ಯಾವ ಪಂಡಿತರು, ಯಾವ ಲೆಕ್ಕದಲ್ಲಿ ಆ ಬೇರಿಗೆ ಗಂಟು ಹಾಕಬೇಕು? ಗ್ರೀಕರಿಗೂ ಆಗಲಿಲ್ಲ, ಚೀನಾದವರಿಗೂ ಆಗಲಿಲ್ಲ. ಅನುಭವ ಮುಟ್ಟದ ಜಾಗ ಅದು, ಅಲ್ಲಿಗೆ ಪರೀಕ್ಷೆಯೇ ಬೇಕು. ಅದೂ ಒಂದಲ್ಲ. ಕೋಶ ಸತ್ತಿತಾ, ಡಿಎನ್‌ಎ ಮುರೀತಾ, ಯಕೃತ್ತಿನ ಎಂಜೈಮ್ ಸೇರಿಸಿದ್ರೆ ಏನಾಗುತ್ತೆ, ಕಿಡ್ನಿ ಕೋಶದಲ್ಲಿ ಏನಾಗುತ್ತೆ, ಪ್ರಾಣಿಯಲ್ಲಿ ತಿಂಗಳುಗಟ್ಟಲೆ ಕೊಟ್ರೆ ಏನಾಗುತ್ತೆ. ಇಷ್ಟು ಪ್ರಶ್ನೆಗೂ ಬೇರೆ ಬೇರೆ ಪರೀಕ್ಷೆಗಳಿವೆ.

ಹಾಂ, ಒಂದು ಮಾತು. ಹಾವು ಕಚ್ಚಿದ್ರೆ ಈಶ್ವರಿ ಬೇರು ಹುಡುಕಬೇಡಿ. ಆಸ್ಪತ್ರೆಗೆ ಓಡಿ. ಹಾವಿನ ವಿಷಕ್ಕೆ ಮದ್ದು ಅಂದ್ರೆ ಆಂಟಿವೆನಮ್ ಇಂಜೆಕ್ಷನ್ ಮಾತ್ರ.

ಡಬ್ಬಿಯ ಕಥೆ

ಆ ಪುಡಿ ಕಂಪನಿಯ ಕಸ್ಟಮರ್ ಕೇರ್‌ಗೆ ಮೂರು ಪ್ರಶ್ನೆ ಬರೆದೆ. ಯಾವ ಕೋಶದ ಮೇಲೆ ಪರೀಕ್ಷೆ ಮಾಡಿದ್ರಿ? ಎಷ್ಟು ಗಂಟೆ? ಡಿಎನ್‌ಎಗೆ ಏನಾಗುತ್ತೆ ಅಂತ ನೋಡಿದ್ರಾ? ನಾಲ್ಕು ದಿನಕ್ಕೆ ಉತ್ತರ ಬಂತು. ನಮ್ಮ ಮೇಲೆ ಇಟ್ಟಿರೋ ವಿಶ್ವಾಸಕ್ಕೆ ಧನ್ಯವಾದ ಅಂತ ಬರೆದು, ಕೆಳಗೆ ಶೇಕಡಾ 20ರ ರಿಯಾಯಿತಿ ಕೂಪನ್.

ಚಿಕ್ಕಮ್ಮನಿಗೆ ಫೋನ್ ಮಾಡಿ ಬ್ರಸೆಲ್ಸ್ ಕಥೆ ಹೇಳಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದ್ರು, "ಹಂಗಾದ್ರೆ ನನ್ನ ಡಬ್ಬೀಲಿ ಆ ವಿಷ ಇದೆಯೇನೋ?"

"ಇಲ್ಲದೇನೂ ಇರಬಹುದು ಚಿಕ್ಕಮ್ಮ. ಆದ್ರೆ ಮಾರುವವರಿಗೇ ಅದನ್ನ ಹೇಳೋಕೆ ಬರ್ತಿಲ್ಲವಲ್ಲ" ಅಂದೆ.

ಅವರು ಪುಡಿ ನಿಲ್ಲಿಸಿದ್ರು. ನನ್ನ ಬಲವಂತಕ್ಕೆ ಡಾಕ್ಟರ ಹತ್ರ ಹೋಗಿ ಡಬ್ಬಿ ತೋರಿಸಿ, ಕಿಡ್ನಿಗೆ ರಕ್ತಪರೀಕ್ಷೆ ಮಾಡಿಸಿದ್ರು. ಕ್ರಿಯಾಟಿನಿನ್ ನಾರ್ಮಲ್. ರಿಪೋರ್ಟಿನ ಫೋಟೋ ವಾಟ್ಸಾಪಲ್ಲಿ ಕಳಿಸಿ "ಪಾಸ್ ಆದೆ" ಅಂತ ಬರೆದಿದ್ರು. ನನಗೆ ಖುಷಿ ಆಯ್ತು, ಜೊತೆಗೆ ಟ್ರಯಲ್ ಬ್ಯಾಲೆನ್ಸೂ ನೆನಪಾಯ್ತು. ಅದನ್ನ ಮಾತ್ರ ಅವರಿಗೆ ಹೇಳಲಿಲ್ಲ. ವರ್ಷಕ್ಕೊಮ್ಮೆ ಮಾಡಿಸ್ತಾ ಇರಿ ಅಂದೆ, ಅಷ್ಟೇ.

ನಿಮ್ಮ ಮನೆಯಲ್ಲೂ ಇಂಥ ಡಬ್ಬಿ ಇದ್ದೇ ಇರುತ್ತೆ. ಎಸೆಯಿರಿ ಅಂತ ನಾನು ಹೇಳಲ್ಲ. ತಿರುಗಿಸಿ ಓದಿ. ಆ ಮೂರು ಪ್ರಶ್ನೆ ಕೇಳಿ. ಉತ್ತರ ಬಂದ್ರೆ ನನಗೂ ಕಳಿಸಿ. ಕೂಪನ್ ಬಂದ್ರೆ ಬೇಡ, ಒಂದು ನನ್ನ ಹತ್ರ ಇದೆ.

ಮುಂದಿನ ವಾರ ಸಿಗೋಣ. ನಮಸ್ಕಾರ.